ಅರಸನ ಅಸ್ವಾಸ್ಥ್ಯವೂ ಅರಸಿಯ ಅಧಿಕಾರವೂ

(ಕೊಕ್ಕನೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಪಾಠ)



ಆಂಜನೇಯಸ್ವಾಮಿಯ ಸನ್ನಿಧಿಯಿಂದ ಹೆಸರಾಂತ ಈ ಗ್ರಾಮದಲ್ಲಿ ರಾಜ್ಯಾಧಿಕಾರದ ವಿಷಯವನ್ನು ಕುರಿತು ಮಾತನಾಡತಕ್ಕವನು ರಾಮಾಯಣದಿಂದ ಆರಂಭಿಸಿದರೆ ಅದನ್ನು ಅನುಚಿತವೆಂದು ಯಾರೂ ಎಣಿಸಲಾರರು. ಇಂದ್ರನಿಗೆ ಸಹಾಯಕನಾಗಿ ದೇವಾಸುರರ ಯುದ್ಧಕ್ಕೆ ತೆರಳಿದ ದಶರಥನು ಶಸ್ತ್ರಾಘಾತದಿಂದ ಮೂರ್ಛಿತನಾಗಿ ಬಿದ್ದಾಗ ಅವನನ್ನು ರಣಭೂಮಿಯಿಂದ ಹೊರಕ್ಕೆ ಸಾಗಿಸಿ ಪ್ರಾಣವನ್ನುಳಿಸಿದವಳು ಕೈಕೇಯಿಯೆಂಬುದು ನಮಗೆಲ್ಲ ಗೊತ್ತಿರುವ ಕಥೆ. ಆದರೆ ಆ ಉಪಕಾರಕ್ಕೆ ಪ್ರತಿಯಾಗಿ ದೊರೆತ ಎರಡು ವರಗಳ ಸಂಗತಿ ಅಯೋಧ್ಯೆಯ ಮಂತ್ರಿಗಳಿಗೂ ಪೌರರಿಗೂ ತಿಳಿದಿರಲಿಲ್ಲವೆಂಬುದನ್ನೂ, ಮಂಥರೆಗೆ ಕೂಡ ಅದು ಗೊತ್ತಾದದ್ದು ಕೈಕೇಯಿಯೇ ಎಂದೋ ಹೇಳಿದ್ದರಿಂದಲೆಂಬುದನ್ನೂ ಆದಿಕವಿಯು ಸೂಕ್ಷ್ಮವಾಗಿ ಸೂಚಿಸಿರುವುದರ ಕಡೆಗೆ ನಮ್ಮ ಗಮನ ಅಷ್ಟಾಗಿ ಹರಿದಿಲ್ಲ. ಅರಸನು ಅಶಕ್ತನಾಗಿದ್ದ ಗಳಿಗೆಯಲ್ಲಿ ಅರಸಿಯು ಮಾಡಿದ ಕಾರ್ಯಕ್ಕೆ ಅಯೋಧ್ಯೆಯಲ್ಲಿ ಸಾಕ್ಷಿಯಿರಲಿಲ್ಲ. ಅದರಿಂದ ಹುಟ್ಟಿದ ಋಣಕ್ಕೆ ಲೆಕ್ಕಪತ್ರವಿರಲಿಲ್ಲ. ಆ ಋಣ ವಸೂಲಾದದ್ದೂ ಕ್ರೋಧಾಗಾರದ ಮುಚ್ಚಿದ ಬಾಗಿಲೊಳಗೆ. ಸುಮಂತ್ರನಂಥ ಮಂತ್ರಿಯೂ ಒಳಗೆ ನಡೆದದ್ದನ್ನು ಅರಿಯದೆ ರಾಜಾಜ್ಞೆಯನ್ನು ರಾಣಿಯ ಮುಖದಿಂದ ಕೇಳಿ, ಅದನ್ನೇ ಹೊರಕ್ಕೆ ಒಯ್ಯಬೇಕಾಯಿತು.

ಮಹಾಭಾರತವು ಇದಕ್ಕೆ ವಿಪರೀತವಾದ ಇನ್ನೊಂದು ಚಿತ್ರವನ್ನು ಕೊಡುತ್ತದೆ. ಜನ್ಮಾಂಧನಾದ ಪತಿಗೆ ಕಣ್ಣಾಗಬಹುದಾಗಿದ್ದ ಗಾಂಧಾರಿಯು ತನ್ನ ಕಣ್ಣಿಗೂ ಬಟ್ಟೆಯನ್ನು ಬಿಗಿದುಕೊಂಡಳು. ಪಾತಿವ್ರತ್ಯದ ದೃಷ್ಟಿಯಿಂದ ಅದನ್ನು ಕೊಂಡಾಡಿದವರು ಬಹುಮಂದಿ; ಹಸ್ತಿನಾವತಿಯ ಪ್ರಜೆಗಳ ದೃಷ್ಟಿಯಿಂದ ಅದನ್ನು ನೋಡಿದವರು ಕಡಿಮೆ.

ರಾಷ್ಟ್ರವನ್ನು ನಡೆಸತಕ್ಕವನ ದೇಹವೋ ಬುದ್ಧಿಯೋ ಕೆಟ್ಟಾಗ ಅದನ್ನು ಮೊದಲು ಅರಿಯುವವಳು ಅವನ ಹೆಂಡತಿ. ಅರಮನೆಯ ವೈದ್ಯನಿಗಿಂತ ಮೊದಲು, ಮಂತ್ರಿಗಿಂತ ಬಹಳ ಮೊದಲು, ಪ್ರಜೆಗಳಿಗಿಂತ ತಿಂಗಳುಗಟ್ಟಲೆ ಮೊದಲು, ಊಟದಲ್ಲಿ, ನಿದ್ರೆಯಲ್ಲಿ, ಮಾತಿನ ತಡವರಿಕೆಯಲ್ಲಿ ಅದನ್ನು ಕಂಡುಕೊಳ್ಳುವವಳು ಅವಳು. ಹೀಗೆ ಅವನ ಅಶಕ್ತತೆಗೆ ಏಕೈಕ ಸಾಕ್ಷಿಯಾದವಳೇ ಆ ಅಶಕ್ತತೆಯ ಫಲವಾಗಿ ಅಧಿಕಾರವನ್ನು ಪಡೆಯತಕ್ಕವಳೂ ಆದರೆ, ಅವಳ ಸಾಕ್ಷ್ಯವನ್ನು ಲೋಕವು ಹೇಗೆ ಸ್ವೀಕರಿಸಬೇಕು? ಇದೇ ಇಂದಿನ ನನ್ನ ಪ್ರಶ್ನೆ. ಹೆಂಗಸು ರಾಜ್ಯವಾಳಬಹುದೆ ಎಂಬ ಪ್ರಶ್ನೆಯನ್ನು ನಾನು ಎತ್ತುವುದಿಲ್ಲ. ಅದಕ್ಕೆ ಕನ್ನಡನಾಡು ಮುನ್ನೂರು ವರ್ಷಗಳಿಗೂ ಹಿಂದೆಯೇ ಉತ್ತರವನ್ನು ಕೊಟ್ಟಿದೆ. ಆ ಉತ್ತರವನ್ನು ಕೊಟ್ಟವಳ ಹೆಸರನ್ನು ಹೊತ್ತ ಚನ್ನಗಿರಿಯು ಈಗ ನಮ್ಮ ದಾವಣಗೆರೆ ಜಿಲ್ಲೆಯೊಳಗೇ ಇದೆ.

ಕೆಳದಿಯ ಅರಸುಮನೆತನವು ಸುಮಾರು 1500ರಿಂದ 1763ರ ವರೆಗೆ ಮಲೆನಾಡನ್ನೂ ಕರಾವಳಿಯ ಬಹುಭಾಗವನ್ನೂ ಆಳಿತು. ಮೊದಲು ಕೆಳದಿ, ಆಮೇಲೆ ಇಕ್ಕೇರಿ, ವೀರಭದ್ರನಾಯಕನ ಕಾಲದಿಂದ ಬಿದನೂರು, ಹೀಗೆ ರಾಜಧಾನಿಗಳು ಬದಲಾದುವು. ಶಿವಪ್ಪನಾಯಕನು 1660ರಲ್ಲಿ ತೀರಿಕೊಂಡಾಗ ರಾಜ್ಯವು ಸುಸ್ಥಿತಿಯಲ್ಲಿತ್ತು. ಅವನು ಏರ್ಪಡಿಸಿದ ಭೂಕಂದಾಯದ ಶಿಸ್ತು ಇಂದಿಗೂ ಗಾದೆಯಂತೆ ಜನರ ಬಾಯಲ್ಲಿದೆ. ಅವನ ಬಳಿಕ ನಾಲ್ಕೇ ವರ್ಷಗಳಲ್ಲಿ ಇಬ್ಬರು ಅರಸರು ಬಂದು ಹೋಗಿ, 1664ರಲ್ಲಿ ಸೋಮಶೇಖರನಾಯಕನಿಗೆ ಪಟ್ಟವಾಯಿತು. ಕೋಟಿಪುರದ ವರ್ತಕ ಸಿದ್ದಪ್ಪಶೆಟ್ಟಿಯ ಮಗಳು ಚೆನ್ನಮ್ಮಾಜಿಯನ್ನು ಅವನು ರಾಮೇಶ್ವರನ ಜಾತ್ರೆಯಲ್ಲಿ ಕಂಡು ಮೆಚ್ಚಿ ಮದುವೆಯಾದನೆಂದು ಪ್ರತೀತಿ. ರಾಜವಂಶದ ಕನ್ಯೆಯಲ್ಲದವಳು ಪಟ್ಟದರಸಿಯಾದದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ತವರಿನ ಸೈನ್ಯವಾಗಲಿ ತವರಿನ ಪಾಳೆಯವಾಗಲಿ ಬೆನ್ನಿಗಿಲ್ಲದವಳು ಮುಂದೆ ಯಾವ ಬಲದಿಂದ ನಿಂತಳೆಂಬುದನ್ನು ಯೋಚಿಸುವಾಗ ಈ ಸಂಗತಿಯನ್ನು ಮರೆಯಬಾರದು.

ಅಲ್ಲಿಂದ ಮುಂದಿನ ಕಥೆಯನ್ನು ಲಿಂಗಣ್ಣಕವಿಯ ‘ಕೆಳದಿನೃಪವಿಜಯ’ವೂ ಸ್ಥಳೀಯ ಐತಿಹ್ಯವೂ ಬಹುಮಟ್ಟಿಗೆ ಒಂದೇ ರೀತಿಯಲ್ಲಿ ಹೇಳುತ್ತವೆ. ಅರಸನ ಮನಸ್ಸು ಕಲಾವತಿಯೆಂಬ ನರ್ತಕಿಯಲ್ಲಿ ನೆಟ್ಟಿತು, ಅವಳನ್ನು ಸಾಕಿದ ಭರಮೆಮಾವುತನೆಂಬವನು ಅರಸನಿಗೆ ಔಷಧಗಳನ್ನು ಕೊಟ್ಟು ಅವನ ಬುದ್ಧಿಯನ್ನು ಕೆಡಿಸಿದನು, ಅರಸನು ಅರಮನೆಯನ್ನು ತೊರೆದು ಅವರ ಬಿಡಾರದಲ್ಲೇ ಉಳಿದನು, ರಾಜಕಾರ್ಯಗಳು ನಿಂತುಹೋದುವು, ಸಂತಾನವಿಲ್ಲದ ಸಿಂಹಾಸನದ ಸುತ್ತ ಹದ್ದುಗಳು ಹಾರಾಡತೊಡಗಿದುವು. ರಾಣಿಯು ಪಟ್ಟದರಸಿಯೆಂಬ ಅಭಿಮಾನವನ್ನು ಬದಿಗಿಟ್ಟು ಆ ಬಿಡಾರಕ್ಕೆ ತಾನೇ ಹೋಗಿ ಪತಿಯನ್ನು ಅರಮನೆಗೆ ಮರಳುವಂತೆ ಬೇಡಿಕೊಂಡಳೆಂದೂ ಅವನು ಒಪ್ಪಲಿಲ್ಲವೆಂದೂ ಹೇಳುವ ಐತಿಹ್ಯವು ನನ್ನನ್ನು ಬಹುವಾಗಿ ಹಿಡಿದು ನಿಲ್ಲಿಸುತ್ತದೆ. ಅದು ನಿಜವಾಗಿ ನಡೆಯಿತೋ ಇಲ್ಲವೋ. ಜನರು ಅದನ್ನು ನೆನಪಿನಲ್ಲಿ ಉಳಿಸಿಕೊಂಡದ್ದು ಒಂದು ಕಾರಣಕ್ಕಾಗಿ. ಅಧಿಕಾರವನ್ನು ಕೈಗೆ ತೆಗೆದುಕೊಳ್ಳುವವಳು ಅದಕ್ಕೆ ಮುಂಚೆ ಅದನ್ನು ಹಕ್ಕಿನ ಒಡೆಯನಿಗೆ ಒಪ್ಪಿಸಲು ಯತ್ನಿಸಿರಬೇಕೆಂಬುದು ಪ್ರಜೆಗಳು ತಮ್ಮಷ್ಟಕ್ಕೆ ತಾವೇ ವಿಧಿಸಿಕೊಂಡ ಒಂದು ನಿಬಂಧನೆ.

ಅರಸನು ನಿರ್ವೀರ್ಯನಾದನೆಂಬ ವಾರ್ತೆ ಬಿಜಾಪುರಕ್ಕೆ ಮುಟ್ಟಲು ತಡವಾಗಲಿಲ್ಲ. ಸುಲ್ತಾನನ ಕಡೆಯಿಂದ ಜನ್ನೋಪಂತನೆಂಬ ನಿಯೋಗಿಯೂ ಅವನ ಬೆನ್ನಿಗೆ ಸೇನೆಯೂ ಬಂದುವು. ಈ ಗೊಂದಲದ ನಡುವೆ ಸೋಮಶೇಖರನು ಹತನಾದನು. ಚೆನ್ನಮ್ಮಾಜಿಯು ಬಿದನೂರನ್ನು ತಾತ್ಕಾಲಿಕವಾಗಿ ತೊರೆದು, ಭಂಡಾರವನ್ನು ಸಾಗಿಸಿಕೊಂಡು, ಕವಲೇದುರ್ಗವೆಂದು ನಾವು ಕರೆಯುವ ಭುವನಗಿರಿದುರ್ಗವನ್ನು ಸೇರಿ, ಅಲ್ಲಿ 1671-72ರಲ್ಲಿ ತನ್ನ ಹೆಸರಿನಲ್ಲೇ ಪಟ್ಟಾಭಿಷಿಕ್ತಳಾದಳು. ಕೆಳದಿಯ ವಂಶವೃಕ್ಷದ ಬೇರೆ ಬೇರೆ ಕೊಂಬೆಗಳ ಬಾಲಕರನ್ನು ಮುಂದಿಟ್ಟುಕೊಂಡು ಆಡಳಿತವನ್ನು ತಮ್ಮ ಕೈಯಲ್ಲಿ ಇರಿಸಿಕೊಳ್ಳಬೇಕೆಂದಿದ್ದ ಪಕ್ಷಗಳು ಆಸ್ಥಾನದಲ್ಲಿ ಇದ್ದುವು. ಅವರಲ್ಲಿ ಕೆಲವರನ್ನು ದಂಡಿಸಿ, ಕೆಲವರನ್ನು ಒಲಿಸಿಕೊಂಡು, ಚದುರಿದ್ದ ಸೇನಾನಾಯಕರನ್ನು ಮತ್ತೆ ಕೂಡಿಸಿ ರಾಣಿಯು ಬಿದನೂರನ್ನು ಹಿಂದಕ್ಕೆ ಪಡೆದಳು. ತನ್ನ ಬಂಧುವರ್ಗದ ಬಸಪ್ಪನನ್ನು ದತ್ತು ತೆಗೆದುಕೊಂಡಳು.

ಇಲ್ಲಿ ಒಂದು ಅಂಶವನ್ನು ತೂಗಿ ನೋಡಬೇಕು. ಬಾಲಕನೊಬ್ಬನನ್ನು ಸಿಂಹಾಸನದಲ್ಲಿ ಕೂರಿಸಿ ತಾನು ತೆರೆಯ ಹಿಂದೆ ನಿಂತು ಆಜ್ಞೆಗಳನ್ನು ಹೊರಡಿಸುವುದು ಅವಳಿಗೆ ಸುಲಭವಾಗಿತ್ತು. ಲೋಕರೂಢಿಯೂ ಅದೇ ಆಗಿತ್ತು. ಜಹಾಂಗೀರನು ಮದಿರೆಯಿಂದಲೂ ಅಫೀಮಿನಿಂದಲೂ ಕುಗ್ಗಿದ ಕಾಲದಲ್ಲಿ ನೂರ್ ಜಹಾನಳು ನಾಣ್ಯಗಳ ಮೇಲೆ ತನ್ನ ಹೆಸರನ್ನು ಕೆತ್ತಿಸಿದಳಾದರೂ, ಆ ಅಧಿಕಾರವೆಲ್ಲ ಪತಿಯ ಉಸಿರಿಗೆ ಕಟ್ಟಿದ್ದಾಗಿ, 1627ರಲ್ಲಿ ಅವನು ತೀರಿದೊಡನೆ ತಾನೂ ಕಳಚಿಬಿದ್ದಿತು. ಚೆನ್ನಮ್ಮಾಜಿಯಾದರೋ ಪಟ್ಟವನ್ನು ತಾನೇ ಹೊತ್ತಳು. ತಪ್ಪಾದರೆ ಅದು ತನ್ನ ತಪ್ಪು, ಸೋತರೆ ಅದು ತನ್ನ ಸೋಲು ಎಂಬ ಸ್ಥಿತಿಗೆ ತನ್ನನ್ನು ತಾನೇ ಒಡ್ಡಿಕೊಂಡಳು. ಆ ಪಟ್ಟಾಭಿಷೇಕವನ್ನು ವೈಭವವೆಂದು ವರ್ಣಿಸುವವರು ಅದರ ಅರ್ಥದ ಅರ್ಧವನ್ನು ಬಿಟ್ಟುಬಿಡುತ್ತಾರೆ. ಅದು ಹೊಣೆಗಾರಿಕೆಯ ಬಹಿರಂಗ ಘೋಷಣೆಯಾಗಿತ್ತು.

ಆ ಹೊಣೆಯನ್ನು ಅವಳು ಸುಮಾರು ಇಪ್ಪತ್ತೈದು ವರ್ಷ ಹೊತ್ತಳು. 1678ರಲ್ಲಿ ಪೋರ್ತುಗೀಸರೊಡನೆ ಒಪ್ಪಂದವಾಯಿತು. ಮೈಸೂರಿನ ಚಿಕ್ಕದೇವರಾಜ ಒಡೆಯರಂಥ ಪ್ರಬಲರ ನೆರೆಯಲ್ಲಿ ಗಡಿಯನ್ನು ಕಾಪಾಡುವ ಕಾರ್ಯ ಎಡೆಬಿಡದೆ ನಡೆಯಿತು. ನಮ್ಮ ಕಡೆಯ ಹುಲಿಕೆರೆಯ ಕೋಟೆಯನ್ನು ಜೀರ್ಣೋದ್ಧಾರಗೊಳಿಸಿ ಚೆನ್ನಗಿರಿಯೆಂದು ಕರೆದಳೆಂಬ ಹೇಳಿಕೆಯಿದೆ. ಈಗಲೂ ಆ ಊರಿನ ಗುಡ್ಡದ ಮೇಲೆ ಕೋಟೆಯ ಗೋಡೆಗಳು ನಿಂತಿವೆ. 1689ರಲ್ಲಿ ಸಂಭಾಜಿಯು ಔರಂಗಜೇಬನಿಂದ ಕೊಲೆಗೀಡಾಗಿ ಅವನ ತಮ್ಮ ರಾಜಾರಾಮನು ಜಿಂಜಿಯ ಕಡೆಗೆ ಓಡುತ್ತ ಬಂದಾಗ, ಅವನಿಗೆ ತನ್ನ ಸೀಮೆಯಲ್ಲಿ ಆಶ್ರಯವನ್ನೂ ಮುಂದಕ್ಕೆ ದಾರಿಯನ್ನೂ ಕೊಟ್ಟ ಪ್ರಸಂಗವನ್ನು ಶಾಲೆಯ ಮಕ್ಕಳೂ ಬಲ್ಲರು. ಮೊಗಲರ ಸೇನೆಯನ್ನು ಮಲೆನಾಡಿನ ಮಳೆಯೂ ಕಾಡೂ ಕೆಳದಿಯ ಯೋಧರೂ ಸೇರಿ ಹಿಮ್ಮೆಟ್ಟಿಸಿದರೆಂದು ನಮ್ಮವರ ಬರಹಗಳು ಹೇಳಿದರೆ, ರಾಣಿಯು ಹಣ ತೆತ್ತು ಸಂಧಿ ಮಾಡಿಕೊಂಡಳೆಂದು ಮೊಗಲರ ಕಡೆಯ ಬರಹಗಳು ಹೇಳುತ್ತವೆ. ಎರಡೂ ನಿಜವಿರಬಹುದು. ಶರಣಾಗತನನ್ನು ಒಪ್ಪಿಸದೆ ಹಣವನ್ನು ಕೊಟ್ಟು ಯುದ್ಧವನ್ನು ಮುಗಿಸಿದ್ದರೆ ಅದರಿಂದ ಅವಳ ಕೀರ್ತಿಗೆ ಕುಂದೇನೂ ಇಲ್ಲ. ರಾಜಾರಾಮನಂತೂ ಜಿಂಜಿಯನ್ನು ತಲುಪಿಯೇ ತಲುಪಿದನು.

ಇಷ್ಟು ಹೇಳಿದ ಮೇಲೆ ಒಂದು ಮುಜುಗರದ ಮಾತನ್ನೂ ಆಡಲೇಬೇಕು. ದತ್ತಿ ಉಪನ್ಯಾಸವೆಂಬುದು ಬರಿಯ ಮಂಗಳಾರತಿಯಾಗಬಾರದಷ್ಟೆ. ಸೋಮಶೇಖರನ ಬುದ್ಧಿವೈಕಲ್ಯದ ಕಥೆಯನ್ನು ನಮಗೆ ಹೇಳಿದವರು ಯಾರು? ಚೆನ್ನಮ್ಮಾಜಿಯ ದತ್ತುಪುತ್ರನಾಗಿ 1697ರಲ್ಲಿ ಪಟ್ಟವೇರಿದ ಬಸಪ್ಪನಾಯಕನು ಮಹಾವಿದ್ವಾಂಸ. ಅವನ ‘ಶಿವತತ್ತ್ವರತ್ನಾಕರ’ವೆಂಬ ಸಂಸ್ಕೃತದ ವಿಶ್ವಕೋಶಸದೃಶ ಗ್ರಂಥದಲ್ಲಿ ಕೆಳದಿಯ ರಾಜಪರಂಪರೆಯ ವೃತ್ತಾಂತವೂ ಸೇರಿದೆ. ಲಿಂಗಣ್ಣನ ಚಂಪೂಕಾವ್ಯವು ಹುಟ್ಟಿದ್ದು ಅದೇ ವಂಶದ ಆಶ್ರಯದಲ್ಲಿ. ಅಂದರೆ ಅರಸನು ಅಸಮರ್ಥನಾಗಿದ್ದನೆಂಬ ಸಾಕ್ಷ್ಯವೆಲ್ಲ ಅವನ ಅಸಾಮರ್ಥ್ಯದಿಂದ ರಾಜ್ಯವನ್ನು ಪಡೆದವರ ಮನೆಯಿಂದಲೇ ಬಂದಿದೆ. ಕಲಾವತಿಗೆ ಆ ಗ್ರಂಥಗಳಲ್ಲಿ ಮಾತಿಲ್ಲ. ಭರಮೆಮಾವುತನ ಔಷಧವು ವಿಷವಾಗಿತ್ತೋ, ಈಗಾಗಲೇ ರೋಗಿಯಾಗಿದ್ದವನಿಗೆ ಕೊಟ್ಟ ಮದ್ದಾಗಿತ್ತೋ ಕೇಳುವವರಿಲ್ಲ. ಮನೋವ್ಯಾಧಿಯ ಸ್ವರೂಪ ತಿಳಿಯದ ಕಾಲದಲ್ಲಿ ದೊರೆಯೊಬ್ಬನ ಬುದ್ಧಿ ಕದಡಿದರೆ ಅದಕ್ಕೆ ಹೆಣ್ಣೊಬ್ಬಳನ್ನೂ ಮಾಂತ್ರಿಕನೊಬ್ಬನನ್ನೂ ಹುಡುಕಿ ನಿಲ್ಲಿಸುವುದು ಲೋಕದ ಅಭ್ಯಾಸ. ಇದರಿಂದ ಚೆನ್ನಮ್ಮಾಜಿ ಸುಳ್ಳು ಹೇಳಿದಳೆಂದು ನಾನು ಸೂಚಿಸುತ್ತಿಲ್ಲ. ಸುಲ್ತಾನನ ದಂಡು ಬಾಗಿಲಿಗೆ ಬಂದದ್ದೇ ರಾಜ್ಯಕ್ಕೆ ಯಜಮಾನನಿರಲಿಲ್ಲವೆಂಬುದಕ್ಕೆ ಸಾಕಷ್ಟು ಪ್ರಮಾಣ. ಪತ್ನಿಯ ಸಾಕ್ಷ್ಯವು ನಿಜವಾಗಿದ್ದಾಗಲೂ ಅದನ್ನು ಸಮರ್ಥಿಸಲು ಬೇರೊಂದು ಸಾಕ್ಷ್ಯ ಬೇಕು ಎಂಬಷ್ಟೇ ನನ್ನ ಅಭಿಪ್ರಾಯ.

ಪ್ರಜಾಪ್ರಭುತ್ವದಲ್ಲಿ ಇಂಥ ತೊಡಕು ಹುಟ್ಟಲಾರದೆಂದು ಭಾವಿಸುವವರಿಗೆ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ನನ ಕಥೆಯನ್ನು ಹೇಳಬೇಕು. ಮೊದಲ ಮಹಾಯುದ್ಧದ ಶಾಂತಿಕೌಲನ್ನೂ ರಾಷ್ಟ್ರಸಂಘವನ್ನೂ ಜನರು ಒಪ್ಪಬೇಕೆಂದು ಊರೂರಿಗೆ ಭಾಷಣಯಾತ್ರೆ ಹೊರಟಿದ್ದ ಅವನು 1919ರ ಸೆಪ್ಟೆಂಬರಿನಲ್ಲಿ ಕುಸಿದು ರಾಜಧಾನಿಗೆ ಹಿಂದಿರುಗಿ, ಅಕ್ಟೋಬರ್ 2ರಂದು ಪಾರ್ಶ್ವವಾಯುವಿಗೆ ತುತ್ತಾದನು. ದೇಹದ ಎಡಭಾಗ ಸತ್ತುಹೋಯಿತು. ಅಲ್ಲಿಂದ ತಿಂಗಳುಗಟ್ಟಲೆ ಅವನ ಪತ್ನಿ ಈಡಿತ್ ಮತ್ತು ವೈದ್ಯ ಗ್ರೇಸನ್ ಹೊರತು ಅವನ ನಿಜಸ್ಥಿತಿಯನ್ನು ಬಲ್ಲವರೇ ವಿರಳ. ಸಚಿವರ ಕಾಗದಗಳು ಅವಳ ಕೈಗೆ ಬರುತ್ತಿದ್ದುವು. ಯಾವುದನ್ನು ರೋಗಿಯ ಮುಂದಿಡಬೇಕು, ಯಾವುದನ್ನು ಇಡಬಾರದು ಎಂಬುದನ್ನು ಅವಳು ನಿಶ್ಚಯಿಸುತ್ತಿದ್ದಳು. ಅವಳ ಹಸ್ತಾಕ್ಷರದ ಉತ್ತರಗಳು ಹೊರಬರುತ್ತಿದ್ದುವು. ಉಪಾಧ್ಯಕ್ಷ ಮಾರ್ಷಲ್ ಮುಂದೆ ಬರಲು ಹೆದರಿದನು. ಸಚಿವಸಭೆಯನ್ನು ತಾನಾಗಿ ಕರೆದ ವಿದೇಶಾಂಗ ಕಾರ್ಯದರ್ಶಿ ಲ್ಯಾನ್ಸಿಂಗನು 1920ರ ಫೆಬ್ರವರಿಯಲ್ಲಿ ಪದವಿಯನ್ನೇ ಬಿಡಬೇಕಾಯಿತು. ಅದಕ್ಕೂ ಮೊದಲು, 1919ರ ಡಿಸೆಂಬರಿನಲ್ಲಿ, ಸೆನೆಟಿನ ಇಬ್ಬರು ಸದಸ್ಯರು ಅಧ್ಯಕ್ಷನನ್ನು ಕಣ್ಣಾರೆ ಕಾಣಬೇಕೆಂದು ಬಂದಾಗ ಅವನನ್ನು ಹಾಸಿಗೆಯಲ್ಲಿ ಒಪ್ಪವಾಗಿ ಮಲಗಿಸಿ, ಹೊದಿಕೆಯಿಂದ ಎಡಗೈಯನ್ನು ಮರೆಮಾಡಿ ತೋರಿಸಿ ಕಳುಹಿಸಿದ್ದಾಯಿತು.

ಯಾವ ರಾಷ್ಟ್ರಸಂಘಕ್ಕಾಗಿ ಅವನು ಪ್ರಾಣವನ್ನೇ ಪಣವಾಗಿಟ್ಟನೋ ಅದನ್ನೊಳಗೊಂಡ ಕೌಲು ಆ ನವೆಂಬರಿನಲ್ಲೂ ಮರುವರ್ಷದ ಮಾರ್ಚಿನಲ್ಲೂ ಸೆನೆಟಿನಲ್ಲಿ ಬಿದ್ದುಹೋಯಿತು. ಅಲ್ಪಸ್ವಲ್ಪ ತಿದ್ದುಪಡಿಗಳನ್ನು ಒಪ್ಪಿಕೊಂಡಿದ್ದರೆ ಅದು ಉಳಿಯುತ್ತಿತ್ತೆಂದು ಹಲವರ ಮತ; ಹಟವನ್ನು ಬಿಡೆಂದು ಹೇಳತಕ್ಕವರು ರೋಗಿಯ ಬಳಿಗೆ ಹೋಗುವುದೇ ದುರ್ಲಭವಾಗಿತ್ತು. ಈಡಿತ್ ವಿಲ್ಸನ್ನಳು ಮುಂದೆ ತನ್ನ ಆತ್ಮಕಥನದಲ್ಲಿ, ಸಾರ್ವಜನಿಕ ವಿಷಯದಲ್ಲಿ ತಾನು ಯಾವ ನಿರ್ಣಯವನ್ನೂ ಮಾಡಲಿಲ್ಲ, ಯಾವುದು ಮುಖ್ಯ ಯಾವುದು ಅಮುಖ್ಯ ಎಂಬುದನ್ನು ಮಾತ್ರ ಆರಿಸುತ್ತಿದ್ದೆ ಎಂಬ ಅರ್ಥದಲ್ಲಿ ಬರೆದುಕೊಂಡಳು. ರಾಜ್ಯಾಡಳಿತದ ಅನುಭವವುಳ್ಳವರು ಈ ಮಾತನ್ನು ಓದಿ ನಗುವರೋ ಬೆರಗಾಗುವರೋ ತಿಳಿಯದು. ನಮ್ಮ ತಾಲ್ಲೂಕು ಕಚೇರಿಯ ಶಿರಸ್ತೇದಾರರನ್ನು ಕೇಳಿದರೂ, ಸಾಹೇಬರ ಮೇಜಿನ ಮೇಲೆ ಯಾವ ಕಡತ ಹೋಗಬೇಕೆಂಬುದನ್ನು ನಿರ್ಧರಿಸುವವನೇ ಅರ್ಧ ಆಡಳಿತವನ್ನು ನಡೆಸುವವನೆಂದು ಹೇಳಿಯಾರು.

ಅವಳನ್ನು ದುಷ್ಟೆಯೆಂದು ಜರೆಯಲು ನನಗೆ ಮನಸ್ಸಿಲ್ಲ. ಪದತ್ಯಾಗವು ರೋಗಿಯ ಬದುಕುವ ಇಚ್ಛೆಯನ್ನೇ ಕೊಂದೀತೆಂದು ವೈದ್ಯರು ಎಚ್ಚರಿಸಿದರೆಂದು ಅವಳು ಹೇಳುತ್ತಾಳೆ. ಹೆಂಡತಿಯಾದವಳು ಬೇರೇನು ಮಾಡಬೇಕಿತ್ತು? ಪತಿಯ ಪ್ರಾಣವೂ ರಾಷ್ಟ್ರದ ಹಿತವೂ ಒಂದೇ ಕೈಯಲ್ಲಿ ಸಿಕ್ಕಿಕೊಂಡಾಗ ಆ ಕೈ ಯಾವುದನ್ನು ಬಿಗಿಯಾಗಿ ಹಿಡಿಯುವುದೆಂಬುದು ಮೊದಲೇ ಗೊತ್ತಿರುವ ವಿಷಯ. ಚೆನ್ನಮ್ಮಾಜಿಗೂ ಅವಳಿಗೂ ಇರುವ ಅಂತರವು ಸದ್ಗುಣದ್ದಲ್ಲ. ಒಬ್ಬಳು ಅರಸನ ಅಸ್ವಾಸ್ಥ್ಯವನ್ನು ಲೋಕಕ್ಕೆ ತಿಳಿಸಿ ಆ ಸ್ಥಾನದಲ್ಲಿ ತಾನು ಕುಳಿತಳು. ಇನ್ನೊಬ್ಬಳು ಅದನ್ನು ಲೋಕದಿಂದ ಮುಚ್ಚಿ, ಅವನೇ ಕುಳಿತಿದ್ದಾನೆಂದು ತೋರಿಸಿದಳು. ಜನರಿಂದ ಆಯ್ಕೆಯಾದ ಗಣರಾಜ್ಯದಲ್ಲಿ ತೆರೆ ಬಿದ್ದದ್ದೂ, ವಂಶಪಾರಂಪರ್ಯದ ಪಾಳೆಯದಲ್ಲಿ ತೆರೆ ಸರಿದದ್ದೂ ಇತಿಹಾಸದ ವಿಪರ್ಯಾಸಗಳಲ್ಲೊಂದು. ಅಮೆರಿಕನ್ನರು ತಮ್ಮ ಸಂವಿಧಾನಕ್ಕೆ ಇಪ್ಪತ್ತೈದನೆಯ ತಿದ್ದುಪಡಿಯನ್ನು ಮಾಡಿ, ಅಧ್ಯಕ್ಷನು ಅಶಕ್ತನೆಂದು ಉಪಾಧ್ಯಕ್ಷನೂ ಸಚಿವರ ಬಹುಮತವೂ ಸೇರಿ ಲಿಖಿತವಾಗಿ ಸಾರಬಹುದೆಂಬ ವಿಧಿಯನ್ನು ಸ್ಥಾಪಿಸಿಕೊಂಡದ್ದು 1967ರಲ್ಲಿ.

ಮೈಸೂರಿನ ಇತಿಹಾಸವು ಇದೇ ಸಮಸ್ಯೆಯ ಇನ್ನೆರಡು ಮುಖಗಳನ್ನು ತೋರಿಸುತ್ತದೆ. ಇಮ್ಮಡಿ ಕೃಷ್ಣರಾಜ ಒಡೆಯರಿಗೆ ಬಂದದ್ದು ರೋಗವಲ್ಲ, ಸೆರೆ. ಮೊದಲು ದಳವಾಯಿಗಳೂ ಬಳಿಕ ಹೈದರನೂ ಅವರನ್ನು ಹೆಸರಿಗೆ ಮಾತ್ರ ದೊರೆಯಾಗಿ ಉಳಿಸಿದರು. ಅವರ ರಾಣಿ ಲಕ್ಷ್ಮಮ್ಮಣ್ಣಿಯವರು ಪತಿಯು 1766ರಲ್ಲಿ ತೀರಿದ ಮೇಲೂ ಹಟವನ್ನು ಬಿಡದೆ, ತಿರುಮಲರಾಯನ ಮೂಲಕ ಇಂಗ್ಲಿಷರೊಡನೆ ರಹಸ್ಯವಾಗಿ ಸಂಧಾನ ನಡೆಸಿ 1782ರಲ್ಲಿ ಕರಾರನ್ನು ಮಾಡಿಕೊಂಡರು. 1799ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗ ಅವರ ಪರವಾಗಿ ಒಪ್ಪಂದಕ್ಕೆ ಅಂಕಿತ ಹಾಕಿದವರಲ್ಲಿ ಲಕ್ಷ್ಮಮ್ಮಣ್ಣಿಯವರೂ ಒಬ್ಬರು. ಅವರ ಧೈರ್ಯಕ್ಕೆ ನಮಸ್ಕಾರ; ಆ ಕರಾರಿನಿಂದ ಮೈಸೂರು ಯಾರ ಕೈಗೆ ಸಿಕ್ಕಿತೆಂಬುದು ಬೇರೆ ಮಾತು.

ನಮ್ಮ ಸೀಮೆಗೆ ಹತ್ತಿರದ ನಿದರ್ಶನವೆಂದರೆ ವಾಣೀವಿಲಾಸ ಸನ್ನಿಧಾನದವರದು. ಚಾಮರಾಜೇಂದ್ರ ಒಡೆಯರು 1894ರ ಡಿಸೆಂಬರ್ 28ರಂದು ಕಲ್ಕತ್ತೆಯಲ್ಲಿ ಗಂಟಲುಮಾರಿಯಿಂದ ಅಕಾಲಮರಣವನ್ನು ಹೊಂದಿದಾಗ ಯುವರಾಜರಿಗೆ ಹತ್ತು ವರ್ಷ. ವಾಣೀವಿಲಾಸ ಸನ್ನಿಧಾನವೆನಿಸಿದ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ರೀಜೆಂಟರಾಗಿ, ದಿವಾನ್ ಶೇಷಾದ್ರಿ ಅಯ್ಯರ್ ಅವರೂ ಮಂತ್ರಾಲೋಚನಾಸಭೆಯೂ ಜೊತೆಗಿರಲು ರಾಜ್ಯವನ್ನು ನಡೆಸಿದರು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದು 1902ರಲ್ಲಿ, ಅವರ ಆಡಳಿತದ ಕೊನೆಯ ದಿನಗಳಲ್ಲಿ. ಹಿರಿಯೂರಿನ ಮಾರಿಕಣಿವೆಯಲ್ಲಿ ವೇದಾವತಿಗೆ ಕಟ್ಟೆ ಕಟ್ಟುವ ಕಾರ್ಯ ಆರಂಭವಾದದ್ದು 1898ರಲ್ಲಿ, ಆ ಜಲಾಶಯಕ್ಕೆ ಅವರ ಹೆಸರೇ ನಿಂತಿತು. ದಾವಣಗೆರೆಯು ಚಿತ್ರದುರ್ಗ ಜಿಲ್ಲೆಗೇ ಸೇರಿದ್ದ ಕಾಲದಲ್ಲಿ ನಮ್ಮ ಹಿರಿಯರಿಗೆ ಅದು ಸ್ವಂತ ಜಿಲ್ಲೆಯ ಹೆಮ್ಮೆಯಾಗಿತ್ತು. 1902ರ ಆಗಸ್ಟ್ 8ರಂದು ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಅಧಿಕಾರ ಸಂದಾಯವಾಯಿತು. ಮಹಾರಾಣಿಯವರು ಹಿಂದೆ ಸರಿದರು. ಇಲ್ಲಿ ಅರಸಿಗೆ ಅಧಿಕಾರವೂ ಇತ್ತು, ಅದರ ಪಕ್ಕದಲ್ಲಿ ಸಭೆಯೂ ಇತ್ತು, ಮುಂದುಗಡೆ ಒಂದು ಅವಧಿಯೂ ಇತ್ತು. ಚೆನ್ನಮ್ಮಾಜಿಗೆ ಅಂಥ ಕಟ್ಟುಪಾಡು ಯಾವುದೂ ಇರಲಿಲ್ಲ. ಅವಳು ಒಳ್ಳೆಯವಳಾಗಿದ್ದದ್ದು ರಾಜ್ಯದ ಅದೃಷ್ಟ. ಅದೇ ಬಿದನೂರಿನಲ್ಲಿ ಆರು ದಶಕಗಳ ಬಳಿಕ, ಗಂಡನು ತೀರಿದ ಮೇಲೆ ದತ್ತುಪುತ್ರರ ಹೆಸರಿನಲ್ಲಿ ಆಳಿದ ವೀರಮ್ಮಾಜಿಗೆ ಆ ಅದೃಷ್ಟ ಒದಗಲಿಲ್ಲ. ಅವಳ ಮೇಲಿನ ಅಪವಾದಗಳು ನಿಜವೋ, ಗೆದ್ದವರು ಹಬ್ಬಿಸಿದ್ದೋ, 1763ರಲ್ಲಿ ಹೈದರನು ಬಿದನೂರನ್ನು ಹಿಡಿದು ಅವಳನ್ನು ಮಧುಗಿರಿಯ ಕೋಟೆಯಲ್ಲಿ ಸೆರೆಯಿಟ್ಟನು. ನಮ್ಮ ಹರಿಹರದ ಕೋಟೆಯೂ ಅವನ ವಶವಾದದ್ದು ಅದೇ ವರ್ಷ.

ಇನ್ನು ನಮ್ಮ ಕಾಲ. ನೆರೆಯ ತಮಿಳುನಾಡಿನಲ್ಲಿ ಎಂ. ಜಿ. ರಾಮಚಂದ್ರನ್ ಅವರು 1984ರ ಅಕ್ಟೋಬರಿನಲ್ಲಿ ಹಾಸಿಗೆ ಹಿಡಿದು, ಅಮೆರಿಕದ ಆಸ್ಪತ್ರೆಯಲ್ಲಿ ಮಲಗಿದ್ದುಕೊಂಡೇ ಚುನಾವಣೆಯನ್ನು ಗೆದ್ದರು; 1987ರ ಡಿಸೆಂಬರಿನಲ್ಲಿ ಅವರು ತೀರಿಕೊಂಡ ಮೇಲೆ ಮುಖ್ಯಮಂತ್ರಿಯಾದ ಪತ್ನಿ ಜಾನಕಿಯವರು 1988ರ ಜನವರಿಯಲ್ಲಿ ತಿಂಗಳು ತುಂಬುವ ಮೊದಲೇ ಇಳಿಯಬೇಕಾಯಿತು. ಬಿಹಾರದಲ್ಲಿ 1997ರಲ್ಲಿ ಗಂಡನ ಕೈಗೆ ಕಾನೂನು ಅಡ್ಡಬಂದಾಗ ರಾಬ್ಡಿದೇವಿಯವರು ಅಡಿಗೆಮನೆಯಿಂದ ನೇರವಾಗಿ ವಿಧಾನಸಭೆಗೆ ಬಂದರೆಂದು ನಕ್ಕವರು, ಅವರು ಪ್ರಮಾಣವಚನವನ್ನು ಸ್ವೀಕರಿಸಿ ಶಾಸನಸಭೆಗೆ ಉತ್ತರ ಹೇಳುವ ಜಾಗದಲ್ಲಿ ನಿಂತರೆಂಬುದನ್ನು ಗಮನಿಸಲಿಲ್ಲ. ಆಡಳಿತ ಅವರ ಕೈಯಲ್ಲಿತ್ತೋ ಬೇರೆಯವರ ಕೈಯಲ್ಲಿತ್ತೋ ಎಂಬುದು ನ್ಯಾಯವಾದ ಪ್ರಶ್ನೆ. ಆದರೆ ಆ ಪ್ರಶ್ನೆಯನ್ನು ಸಭೆಯಲ್ಲಿ ಎದ್ದುನಿಂತು ಕೇಳಲು ಸಾಧ್ಯವಿತ್ತು. ಈಡಿತ್ ವಿಲ್ಸನ್ನಳನ್ನು ಕೇಳಲು ಯಾವ ಸಭೆಗೂ ಸಾಧ್ಯವಿರಲಿಲ್ಲ.

ನಮ್ಮ ಸಂವಿಧಾನದ 65ನೆಯ ಅನುಚ್ಛೇದವು ರಾಷ್ಟ್ರಪತಿಯು ಅನಾರೋಗ್ಯದಿಂದ ಕಾರ್ಯಶಕ್ತನಲ್ಲದಾಗ ಉಪರಾಷ್ಟ್ರಪತಿಯು ಆ ಕಾರ್ಯವನ್ನು ನಿರ್ವಹಿಸತಕ್ಕದ್ದೆಂದು ಸ್ಪಷ್ಟವಾಗಿ ವಿಧಿಸಿದೆ. ಆದರೆ ವಾಸ್ತವವಾದ ಅಧಿಕಾರವುಳ್ಳ ಪ್ರಧಾನಮಂತ್ರಿಯ ವಿಷಯದಲ್ಲೂ ಮುಖ್ಯಮಂತ್ರಿಯ ವಿಷಯದಲ್ಲೂ ಅಂಥ ವಿಧಿಯಿಲ್ಲ. 1964ರ ಜನವರಿಯಲ್ಲಿ ಭುವನೇಶ್ವರದಲ್ಲಿ ನೆಹರೂ ಅವರಿಗೆ ಪಾರ್ಶ್ವವಾಯು ಬಡಿದಾಗ, ಲಾಲ್ ಬಹದ್ದೂರ್ ಶಾಸ್ತ್ರಿಯವರನ್ನು ಖಾತೆಯಿಲ್ಲದ ಸಚಿವರನ್ನಾಗಿ ಕರೆತಂದು, ಅವರು ತೀರಿಕೊಂಡ ಮೇ 27ರ ವರೆಗೆ ಹೇಗೋ ದಿನ ದೂಡಲಾಯಿತು. ನೆಹರೂ ವಿಧುರರಾಗಿದ್ದರು, ಮನೆಯಲ್ಲಿ ಮಗಳಿದ್ದರು, ಆ ನಾಲ್ಕು ತಿಂಗಳಲ್ಲಿ ಯಾವ ಕಾಗದ ಯಾರ ಮೂಲಕ ರೋಗಿಯ ಕೊಠಡಿಗೆ ಹೋಯಿತೆಂಬುದರ ಬಗ್ಗೆ ಗುಸುಗುಸು ಇದ್ದಿತಾದರೂ ಅದನ್ನು ಕೇಳುವುದಕ್ಕೆ ಶಾಸನಬದ್ಧವಾದ ಮಾರ್ಗವಿರಲಿಲ್ಲ. ಆಗ ಇರಲಿಲ್ಲ, ಈಗಲೂ ಇಲ್ಲ. ಪ್ರಧಾನಿಯು ಅಶಕ್ತನೆಂದು ಯಾರು, ಯಾವ ವೈದ್ಯಮಂಡಲಿಯ ಮಾತನ್ನು ಕೇಳಿ, ಎಷ್ಟು ದಿನಗಳೊಳಗೆ, ಯಾವ ಸಭೆಯ ಮುಂದೆ ಹೇಳತಕ್ಕದ್ದೆಂಬ ನಾಲ್ಕು ಸಾಲಿನ ಕಾಯಿದೆಯೊಂದಿದ್ದರೆ, ರೋಗಿಯ ಪತ್ನಿಯೋ ಪತಿಯೋ ಮಗಳೋ ಹಾಸಿಗೆಯ ಬಳಿ ಕುಳಿತು ಶುಶ್ರೂಷೆಯನ್ನು ಮಾತ್ರ ಮಾಡಬಹುದು. ರಾಷ್ಟ್ರದ ಕಡತಗಳನ್ನು ಕಾಯುವ ಕೆಲಸ ಅವರಿಗೆ ಬೀಳುವುದಿಲ್ಲ. ಇಂಥ ಕಾಯಿದೆಯನ್ನು ಕೇಳಬೇಕಾದವರು ನಾವು, ಮತದಾರರು. ನಾಯಕರು ಆರೋಗ್ಯದಿಂದಿರುವಾಗಲೇ ಅದನ್ನು ಕೇಳಬೇಕು, ಏಕೆಂದರೆ ಅವರು ಮಲಗಿದ ಮೇಲೆ ಅದನ್ನು ಎತ್ತುವವನು ದ್ರೋಹಿಯೆನಿಸಿಕೊಳ್ಳುತ್ತಾನೆ. ಲ್ಯಾನ್ಸಿಂಗನಿಗೆ ಆದದ್ದು ಅದೇ.